ನಿಂತ ಹರಿವು ಮತ್ತೆ ಹೊರಡುವ ತನಕ

ನಮ್ಮ ಅತ್ತೆ ಒಳ್ಳೆಯದು ಮಾಡಲು ಹೋಗಿಯೇ ಹಾಗೆ ಮಾಡಿದರು ಎಂದು ಈಗ ಹೇಳಬಲ್ಲೆ. ಆ ಶನಿವಾರ ಬೆಳಿಗ್ಗೆ ನನ್ನ ಬಾಯಿಂದ ಬಂದ ಮಾತು ಬೇರೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅವರಿಗೂ ಓದಲು ಬರುತ್ತದೆ.

ನಾನು ಕಡೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಜೀವಶಾಸ್ತ್ರದ ಅತಿಥಿ ಉಪನ್ಯಾಸಕಿ. ಮನೆ ಸಖರಾಯಪಟ್ಟಣ, ದಿನಾ ಬಸ್ಸು. ಅತಿಥಿ ಎಂದರೆ ಮನೆಯಲ್ಲಿ ಮೊದಲ ಪಂಕ್ತಿಗೆ ಎಲೆ ಹಾಕುತ್ತಾರೆ. ಕಾಲೇಜಿನಲ್ಲಿ ಅತಿಥಿ ಎಂದರೆ ಪಾಠ ಎಲ್ಲರಷ್ಟೇ, ಬೇಸಿಗೆ ರಜೆ ಬಂದರೆ ನೀನ್ಯಾರೋ ನಾನ್ಯಾರೋ. ಜೂನ್ ತಿಂಗಳಲ್ಲಿ ಫೋನ್ ಬಂದರೆ ಈ ವರ್ಷವೂ ಕೆಲಸ ಇದೆ ಎಂದು ಅರ್ಥ. ಮದುವೆಯಾದ ಹೊಸದರಲ್ಲಿ ಸೇರಿದವಳು, ಮಗಳು ಕಾಲೇಜು ಮೆಟ್ಟಿಲು ಹತ್ತಿದ ಮೇಲೂ ಅತಿಥಿಯೇ ಆಗಿದ್ದೆ. ಆ ವರ್ಷ ನಮ್ಮ ವಿಭಾಗದ ಹಿರಿಯರು ನಿವೃತ್ತರಾಗಿ ಒಂದು ಕಾಯಂ ಹುದ್ದೆ ಖಾಲಿಯಾಯಿತು. ವಯಸ್ಸಿನ ಮಿತಿಯ ಲೆಕ್ಕದಲ್ಲಿ ನನಗೆ ಇದು ಕೊನೆಯ ಸಲ. ಮುಂದೆ ಇನ್ನೊಂದು ಹುದ್ದೆ ಬಂದರೂ ನಾನು ಅರ್ಜಿ ಹಾಕುವ ಹಾಗಿರಲಿಲ್ಲ.

ಕೊನೆಗೆ ಉಳಿದವರು ಇಬ್ಬರು. ನಾನು, ಮತ್ತು ತರೀಕೆರೆಯ ಒಬ್ಬ ಹುಡುಗ. ಪಿಎಚ್‌ಡಿ ಮುಗಿಸಿಕೊಂಡವನು, ಮೃದು ಮಾತಿನವನು. ಸೋಮವಾರ ಆಡಳಿತ ಸಮಿತಿಯ ಮುಂದೆ ಇಬ್ಬರೂ ಒಂದೊಂದು ತರಗತಿ ತೆಗೆದುಕೊಂಡು ತೋರಿಸಬೇಕು. ಇಬ್ಬರಿಗೂ ಒಂದೇ ವಿಷಯ: ಜೀವಕೋಶದಲ್ಲಿ ಕ್ಯಾಲ್ಸಿಯಂನಿಂದ ತೆರೆಯುವ ಅಯಾನು ಚಾನೆಲ್‌ಗಳು. ಹೊರಗಿನಿಂದ ಬರುವ ವಿಷಯ ತಜ್ಞರು ಆರಿಸಿದ್ದಂತೆ. ಆ ಹುಡುಗ ಲ್ಯಾಪ್‌ಟಾಪಿನಲ್ಲಿ ಚಿತ್ರ ತೋರಿಸುತ್ತಾನೆ ಎಂದು ನನಗೆ ಗೊತ್ತಿತ್ತು. ಬಾಣದ ಗುರುತು ಅತ್ತ ಒಂದು, ಇತ್ತ ಒಂದು. ಮಕ್ಕಳು ಬಾಣದ ಬಣ್ಣ ನೆನಪಿಟ್ಟುಕೊಂಡು ಪರೀಕ್ಷೆ ಬರೆಯುತ್ತಾರೆ. ನನಗೆ ಆ ಬಾಣಗಳನ್ನು ಕಂಡರೆ ಮೈ ಉರಿಯುತ್ತದೆ. ಬದುಕಿರುವ ಕೋಶದಲ್ಲಿ ನಡೆಯುವುದನ್ನು ಬದುಕಿರುವ ಕೋಶದಲ್ಲೇ ತೋರಿಸುತ್ತೇನೆ ಎಂದು ಹಟ ಹಿಡಿದೆ.

ಹಾಗೆ ತೋರಿಸಲು ಕಾರಾ ಎಂಬ ಕೆರೆಗಿಡ ಒಂದಿದೆ. ಗಿಡ ಎಂದು ಬಾಯಿಮಾತಿಗೆ ಹೇಳುವುದು, ನಿಜಕ್ಕೂ ಅದು ಪಾಚಿಯ ಜಾತಿ. ಕೋಶ ಎಂದರೆ ಬರಿಗಣ್ಣಿಗೆ ಕಾಣದ್ದು ಎಂದು ಮಕ್ಕಳು ಕಲಿತಿರುತ್ತಾರೆ. ಇದರಲ್ಲಿ ಎರಡು ಗೆಣ್ಣುಗಳ ನಡುವಿನ ಕಡ್ಡಿಯಂಥ ಭಾಗವೆಲ್ಲ ಒಂದೇ ಒಂದು ಕೋಶ, ಕೈಯಲ್ಲಿ ಹಿಡಿದು ತೋರಿಸಬಹುದು. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಳಗಿನ ಜೀವರಸ ಒಂದು ಮಗ್ಗುಲಲ್ಲಿ ಮೇಲಕ್ಕೆ, ಇನ್ನೊಂದು ಮಗ್ಗುಲಲ್ಲಿ ಕೆಳಕ್ಕೆ ಸುತ್ತುತ್ತಲೇ ಇರುವುದು ಕಾಣುತ್ತದೆ. ಸೂಜಿಯ ತುದಿಯಿಂದ ಮೆಲ್ಲಗೆ ತಟ್ಟಿದರೆ ಥಟ್ಟನೆ ನಿಲ್ಲುತ್ತದೆ. ಕೆಲವು ನಿಮಿಷ ಬಿಟ್ಟರೆ ತಾನಾಗಿಯೇ ಮತ್ತೆ ಹೊರಡುತ್ತದೆ.

ಆ ನಿಲ್ಲುವುದು, ಹೊರಡುವುದು ಇವುಗಳಲ್ಲೇ ಪಾಠವೆಲ್ಲ ಇದೆ. ಕೋಶದ ಒಳಗೆ ಕ್ಯಾಲ್ಸಿಯಂ ಬಹಳ ಕಡಿಮೆ, ಹೊರಗೆ ಜಾಸ್ತಿ. ಒಳಗೆ ಬಂದದ್ದನ್ನು ಕೋಶ ಹೊರಗೆ ದಬ್ಬುತ್ತಲೇ ಇರುತ್ತದೆ. ತಟ್ಟಿದೊಡನೆ ಪೊರೆಯಲ್ಲಿ ದಾರಿ ಬಿಟ್ಟು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅದೇ ಪೊರೆಯಲ್ಲಿ ಕ್ಲೋರೈಡ್ ಹೋಗಿಬರುವ ಇನ್ನೊಂದು ಬಗೆಯ ಬಾಗಿಲು, ಅಂದರೆ ಚಾನೆಲ್, ಇದೆ, ಅದರ ಚಿಲಕ ಇರುವುದು ಒಳಗಡೆ. ಹೊರಗೆ ಎಷ್ಟು ಕ್ಯಾಲ್ಸಿಯಂ ಇದ್ದರೂ ಆ ಬಾಗಿಲು ಜಗ್ಗುವುದಿಲ್ಲ. ಒಳಗೆ ಬಂದ ಕ್ಯಾಲ್ಸಿಯಂ ಮಾತ್ರ ಚಿಲಕ ತೆಗೆಯಬಲ್ಲದು. ತೆಗೆದ ಕೂಡಲೇ ಕ್ಲೋರೈಡ್ ಹೊರಕ್ಕೆ ಹರಿಯುತ್ತದೆ, ಪೊರೆಯ ಎರಡು ಬದಿಯ ವಿದ್ಯುತ್ತು ಏರುಪೇರಾಗುತ್ತದೆ, ಹಿಂದೆಯೇ ಪೊಟ್ಯಾಸಿಯಂ ಹೊರಟು ಅದನ್ನು ಸರಿಪಡಿಸುತ್ತದೆ. ಜೀವರಸದ ಓಡಾಟವನ್ನು ನಿಲ್ಲಿಸುವುದೂ ಅದೇ ಕ್ಯಾಲ್ಸಿಯಂ. ಆಮೇಲೆ ಕೋಶ ನಿಧಾನಕ್ಕೆ ಅದನ್ನೆಲ್ಲ ಎತ್ತಿ ಹೊರಗೆ ಹಾಕುತ್ತದೆ, ಚಿಲಕ ಬೀಳುತ್ತದೆ, ಹರಿವು ಶುರುವಾಗುತ್ತದೆ. ನಮ್ಮ ಮೈಯಲ್ಲೂ ಇಂಥ ಬಾಗಿಲುಗಳಿವೆ. ಉಪ್ಪಿನಕಾಯಿ ಬಾಯಿಗಿಟ್ಟಾಗ ನೀರೂರುವುದು ಜೊಲ್ಲಿನ ಗ್ರಂಥಿಯ ಕೋಶಗಳಲ್ಲಿ ಕ್ಯಾಲ್ಸಿಯಂ ಹೀಗೇ ಕ್ಲೋರೈಡಿನ ಬಾಗಿಲು ತೆಗೆಯುವುದರಿಂದ. ಕೆಲವು ನರಗಳಲ್ಲಿ ಅದು ಪೊಟ್ಯಾಸಿಯಂನ ಬಾಗಿಲು ತೆಗೆದು ನರದ ಆರ್ಭಟವನ್ನು ತಗ್ಗಿಸುತ್ತದೆ. ಇದನ್ನು ಒಮ್ಮೆ ಊಟದ ಹೊತ್ತಿನಲ್ಲಿ ವಿವರಿಸಿದಾಗ ನಮ್ಮ ಮನೆಯವರು, "ಆ ಬಾಗ್ಲು ನಿಂಗೆ ದೇವ್ರು ಇಡ್ಲೇ ಇಲ್ಲ ಕಣೇ" ಎಂದರು.

ಬುಕ್ಕಾಂಬುಧಿ ಕೆರೆಯ ಒಂದು ಮೂಲೆಯಲ್ಲಿ ಕಾರಾ ಬೆಳೆಯುತ್ತದೆ. ಬುಕ್ಕಾಂಬುಧಿ ಅತ್ತೆಯ ತವರು. ಗುರುವಾರ ನಾನೊಬ್ಬಳೇ ಹೋಗಿ ಕಿತ್ತು, ಕೆರೆಯ ನೀರು ಮತ್ತು ಒಂದು ಹಿಡಿ ಕೆಸರಿನ ಸಮೇತ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ತಂದು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನೆರಳಿಗಿಟ್ಟೆ. ಕಿತ್ತ ಕೋಶಕ್ಕೆ ಗಾಬರಿಯಾಗಿರುತ್ತದೆ, ಸುಧಾರಿಸಿಕೊಳ್ಳಲು ಒಂದೆರಡು ದಿನ ಬೇಕು. "ಏನೇ ಅದು?" ಎಂದು ಅತ್ತೆ ಕೇಳಿದಾಗ, "ನಿಮ್ಮ ತವರಿನ ಕೆರೆ ಗಿಡ, ಸೋಮವಾರ ಕಾಲೇಜಿಗೆ ಬೇಕು, ಯಾರೂ ಮುಟ್ಟಬೇಡಿ" ಎಂದೆ. ಪಾಚಿ ಎಂದಿದ್ದರೆ ಹಿತ್ತಲಿಗೂ ಸೇರಿಸುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ನೋಡುತ್ತೇನೆ, ಬಕೆಟ್ಟು ತೊಳೆದು ಬೋರಲು ಹಾಕಿದೆ. ಗಿಡ ಇಲ್ಲ. ಒಳಗೆ ಓಡಿದರೆ ನೀರಿನ ಕಟ್ಟೆಯ ಮೇಲೆ ಅಗಲ ಬಾಯಿಯ ತಾಮ್ರದ ಕೊಳದಪ್ಪಲೆ. ಹುಣಸೆಹಣ್ಣು ಹಾಕಿ ತಿಕ್ಕಿ ಥಳಥಳ ಮಾಡಿದ್ದಾರೆ, ಕಂಠಕ್ಕೆ ಅರಿಶಿನ ಕುಂಕುಮ. ಒಳಗೆ ಕನ್ನಡಿಯಂಥ ನೀರಿನಲ್ಲಿ ನನ್ನ ಕಾರಾ ತೇಲುತ್ತಿದೆ.

"ನಿನ್ನೆ ಶುಕ್ರವಾರ ಬೇರೆ. ನನ್ ತವರಿನ ಗಂಗೆ ತಂದು ಕಾಲು ತೊಳೆಯೋ ಜಾಗದಾಗೆ ಇಟ್ಟಿದ್ಯಲ್ಲೇ" ಎಂದರು ಅತ್ತೆ. "ಆ ಬಗ್ಗಡ ನೀರು ಚೆಲ್ಲಿ ಒಳ್ಳೆ ಫಿಲ್ಟರ್ ನೀರು ಹಾಕಿದೀನಿ. ತಾಮ್ರದಾಗಿದ್ರೆ ನೀರು ಕೆಡಲ್ಲ, ಪಾಚಿನೂ ಕಟ್ಟಲ್ಲ."

ಪಾಚಿ ಕಟ್ಟದಿರುವುದು ತಾಮ್ರ ಪಾಚಿಯನ್ನು ಕೊಲ್ಲುವುದರಿಂದ. ಕೊಲ್ಲುವುದೂ ಪೊರೆಯನ್ನೇ ಹಾಳುಮಾಡಿ. ಬಾಗಿಲು, ಚಿಲಕ, ಗೋಡೆ ಎಂಬ ಭೇದವಿಲ್ಲದೆ ಎಲ್ಲ ಕಡೆಯೂ ಸೋರುತ್ತದೆ. ಸಾಲದ್ದಕ್ಕೆ ಊರಿನ ಶುದ್ಧ ನೀರಿನ ಘಟಕದಿಂದ ತಂದ ಫಿಲ್ಟರ್ ನೀರು, ಅದರಲ್ಲಿ ಇರಬೇಕಾದ ಕ್ಯಾಲ್ಸಿಯಂ ಸೋಸಿ ಹೋಗಿರುತ್ತದೆ. ಒಂದು ಕಡ್ಡಿ ಎತ್ತಿ, ಕಾಲೇಜಿನಿಂದ ಮನೆಗೆ ತಂದಿಟ್ಟುಕೊಂಡಿದ್ದ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಹಸಿರು ಕಣಗಳು ಗುಪ್ಪೆಗುಪ್ಪೆಯಾಗಿ ಬಿದ್ದಿದ್ದವು. ಇನ್ನೊಂದು, ಮತ್ತೊಂದು. ಎಲ್ಲದರ ಕಥೆಯೂ ಅಷ್ಟೇ.

ಆಗ ನಾನು ಆಡಿದ ಮಾತಿಗೆ ಪಕ್ಕದ ಮನೆಯವರು ಗೋಡೆಯಾಚೆಯಿಂದ ಇಣುಕಿದರು. ಅತ್ತೆ ಸಾಮಾನ್ಯವಾಗಿ ಒಂದಕ್ಕೆ ಎರಡು ಹೇಳುವವರು. ಅವತ್ತು "ಸತ್ತೋಯ್ತಾ?" ಎಂದು ಮಾತ್ರ ಕೇಳಿದರು. "ಸತ್ತೋಯ್ತು. ಗಿಡನೂ ಸತ್ತೋಯ್ತು, ನನ್ ಕೆಲಸನೂ ಸತ್ತೋಯ್ತು" ಎಂದೆ. ನಮ್ಮ ಮನೆಯವರು ನಡುವೆ ಬಂದು, "ಹೋಗ್ಲಿ ಬಿಡೇ, ನೀನೂ ಚಿತ್ರನೇ ತೋರ್ಸು" ಎಂದರು. ಅವರಿಗೂ ಒಂದು ಪಾಲು ಸಿಕ್ಕಿತು. ತೆಂಗಿನ ತೋಟಕ್ಕೆ ನೀರು ಬಿಡುವ ನೆಪ ಮಾಡಿಕೊಂಡು ಹೊರಟುಹೋದರು.

ಆ ದಿನವೇ ಮತ್ತೆ ಹೋಗೋಣವೆಂದರೆ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆಯ ಡ್ಯೂಟಿ. ಅದನ್ನು ತಪ್ಪಿಸಿದರೆ ಸೋಮವಾರ ಬರುವುದೇ ಬೇಡ ಎನ್ನುತ್ತಿದ್ದರು. ಭಾನುವಾರ ಬೆಳಗಿನ ಬಸ್ಸಿಗೆ ಹೊರಟಾಗ ಅತ್ತೆ ಸೀರೆ ಬದಲಿಸಿಕೊಂಡು, ಮುಚ್ಚಳ ಇರುವ ಪ್ಲಾಸ್ಟಿಕ್ ಕ್ಯಾನು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ನೀವ್ಯಾಕೆ ಬರ್ತೀರಿ ಅತ್ತೆ?"

"ನನ್ ತವರಿಗೆ ಹೋಗೋಕೆ ನಿನ್ ಅಪ್ಪಣೆ ಬೇಕೇನೇ?"

ಕಡೂರು ದಾಟಿ ಬೀರೂರಿನಲ್ಲಿ ಬಸ್ಸು ಬದಲಿಸಿ ಅಜ್ಜಂಪುರಕ್ಕೆ ಹೋದೆವು. ಅಲ್ಲಿಂದ ಆಟೋ. ಕೆರೆಯ ಮೂಲೆಗೆ ಹೋಗಿ ನಾನು ಚಪ್ಪಲಿ ಬಿಡುವಷ್ಟರಲ್ಲಿ ಅವರು ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದಿದ್ದರು. "ಜಾರುತ್ತೆ, ಬನ್ನಿ ಮೇಲೆ" ಎಂದು ಕೂಗಿಕೊಂಡೆ. "ಈ ಕೆರೆಲೇ ಕಣೇ ನಾನು ಈಜು ಕಲ್ತಿದ್ದು, ನೀನು ಸುಮ್ನಿರು" ಎಂದರು. ಒಂದು ಹಿಡಿ ಕಿತ್ತು ಮೂಗಿಗೆ ಹಿಡಿದು, "ಇದಾ? ಬೆಳ್ಳುಳ್ಳಿ ನಾತ ಬರುತ್ತಲ್ಲ, ಇದನ್ನ ಎಮ್ಮೆನೂ ಮೂಸಲ್ಲ. ಇದ್ಕಾ ನಾನು ಕುಂಕುಮ ಇಟ್ಟಿದ್ದು?" ಎಂದರು. ನನಗೆ ನಗು ಬಂತು. ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಆದರೂ ಬಂತು.

ವಾಪಸು ಬರುವಾಗ ಬಸ್ಸಿನಲ್ಲಿ ಕ್ಯಾನನ್ನು ನನ್ನ ಕೈಗೆ ಕೊಡಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ತಬ್ಬಿ ಕೂತಿದ್ದರು. ಕಂಡಕ್ಟರು, "ಏನಜ್ಜಿ, ಮೀನಾ?" ಎಂದು ಕೇಳಿದ. "ಪಾಚಿ ಕಣಪ್ಪಾ. ನನ್ ಸೊಸೆದು ಕೆಲಸ ಐತೆ ಇದ್ರಾಗೆ" ಎಂದರು. ಅವನು ನನ್ನ ಮುಖ ನೋಡಿ ಟಿಕೆಟ್ಟು ಹರಿದು ಕೊಟ್ಟು ಮುಂದೆ ಹೋದ. ಅಂತರಘಟ್ಟೆಯ ಅಮ್ಮನಿಗೆ ಹರಕೆ ಹೊತ್ತಿದ್ದಾಗಿ ಬೀರೂರು ಬಿಟ್ಟ ಮೇಲೆ ಹೇಳಿದರು. ಏನು ಹರಕೆ ಎಂದು ನಾನು ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಒಂದೊಂದೇ ಕಡ್ಡಿ ಪರೀಕ್ಷಿಸಿ ನೋಡಿದಾಗ ಕೆಲವು ನಿಂತೇ ಇದ್ದವು, ಕೆಲವು ನಿಧಾನಕ್ಕೆ ಹರಿಯುತ್ತಿದ್ದವು. ಎಲ್ಲಕ್ಕಿಂತ ಚೆನ್ನಾಗಿ ಹರಿಯುತ್ತಿದ್ದುದನ್ನು ಬೇರೆ ಡಬ್ಬಿಗೆ ಹಾಕಿಕೊಂಡೆ. ಸುಸ್ತಾದ ಕೋಶ, ತಟ್ಟಿದರೆ ನಿಲ್ಲುತ್ತದೆ, ಆದರೆ ಮತ್ತೆ ಹೊರಡುವುದಕ್ಕೆ ಎಷ್ಟು ಹೊತ್ತು ಬೇಕೋ, ಹೊರಡುತ್ತದೋ ಇಲ್ಲವೋ, ನನಗೆ ನಿಜವಾಗಿ ಹೆದರಿಕೆ ಇತ್ತು. ಹೊರಡುವಾಗ ನಮ್ಮ ಮನೆಯವರು ಒಂದೇ ಬುದ್ಧಿವಾದ ಹೇಳಿದರು. "ಬಾಯಿ ಬಿಟ್ಟರೆ ಬಣ್ಣಗೇಡು. ಪಾಠ ಮಾಡು, ನಮಸ್ಕಾರ ಅನ್ನು, ಬಂದ್ಬಿಡು."

ತರೀಕೆರೆಯ ಹುಡುಗನ ತರಗತಿ ಮೊದಲು ಮುಗಿಯಿತು. ಚೆನ್ನಾಗಿಯೇ ಮಾಡಿದ, ಸುಳ್ಳು ಹೇಳಬಾರದು. ಆಮೇಲೆ ನನ್ನ ಸರದಿ. ಮುಂದಿನ ಸಾಲಿನಲ್ಲಿ ಸಮಿತಿಯ ಅಧ್ಯಕ್ಷರು, ಪ್ರಿನ್ಸಿಪಾಲರು, ಹೊರಗಿನಿಂದ ಬಂದ ವಿಷಯ ತಜ್ಞರು. ಹಿಂದೆ ನನ್ನ ವಿದ್ಯಾರ್ಥಿಗಳು. ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಸಿಕ್ಕಿಸಿ ಚಿತ್ರ ದೊಡ್ಡ ಪರದೆಯ ಮೇಲೆ ಬರುವ ಹಾಗೆ ಮಾಡಿದ್ದೆ. ಜೀವರಸ ಹರಿಯುವುದು ಕಂಡ ಕೂಡಲೇ ಹಿಂದಿನ ಸಾಲಿನವರು ಕತ್ತು ಉದ್ದ ಮಾಡಿದರು. ಅಧ್ಯಕ್ಷರು ಕೊಬ್ಬರಿ ವ್ಯಾಪಾರದವರು, ಅವರೂ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಸೂಜಿಯಿಂದ ತಟ್ಟಿದೆ. ಹರಿವು ನಿಂತಿತು. ಹಿಂದಿನ ಬೆಂಚಿನಿಂದ "ಓ" ಎಂಬ ಸದ್ದು ಬಂತು.

ನಿಂತ ಪರದೆಯನ್ನು ತೋರಿಸುತ್ತಲೇ ಕ್ಯಾಲ್ಸಿಯಂ ಒಳಗೆ ಬಂದದ್ದು, ಚಿಲಕ ತೆಗೆದದ್ದು, ಕ್ಲೋರೈಡ್ ಹೊರಟದ್ದು ಎಲ್ಲ ಹೇಳಿದೆ. ಹೇಳುವುದು ಮುಗಿಯಿತು. ಪರದೆಯ ಮೇಲೆ ಏನೂ ಅಲ್ಲಾಡಲಿಲ್ಲ. ಇನ್ನಷ್ಟು ಹೊತ್ತು ಕಳೆಯಿತು. ಆಗ ಅಧ್ಯಕ್ಷರು ಗಡಿಯಾರ ನೋಡಿಕೊಂಡು, "ಆಯ್ತಲ್ಲಮ್ಮ, ಚೆನ್ನಾಗಿತ್ತು. ನಮಗೆ ಇನ್ನೊಂದು ಕಡೆ ಹೋಗೋದೈತೆ" ಎಂದು ಎದ್ದರು.

"ಕೂತ್ಕೊಳ್ಳಿ ಸಾರ್" ಎಂದೆ. "ಇನ್ನೂ ಮುಗಿದಿಲ್ಲ."

ಪ್ರಿನ್ಸಿಪಾಲರು ನನ್ನ ಕಡೆ ನೋಡಿದ ನೋಟದಲ್ಲೇ ನನಗೆ ನಮ್ಮ ಮನೆಯವರ ಮುಖ ಕಂಡಿತು.

"ನಿಂತಿದ್ದು ನೋಡಿದ್ವಲ್ಲಮ್ಮ."

"ಸತ್ತಿದ್ದೂ ಹಿಂಗೇ ನಿಂತಿರುತ್ತೆ ಸಾರ್. ಒಳಗೆ ಬಂದಿರೋ ಕ್ಯಾಲ್ಸಿಯಂನ ಅದು ಹೊರಗೆ ಹಾಕಬೇಕು, ಬಾಗಿಲು ಮುಚ್ಚಬೇಕು, ಮತ್ತೆ ಹೊರಡಬೇಕು. ಆಗಲೇ ಅದು ಬದುಕಿದೆ ಅಂತ ಗೊತ್ತಾಗೋದು. ಅಲ್ಲೀವರೆಗೂ ನಾನು ತೋರಿಸಿದ್ದು ಅರ್ಧ."

"ಎಷ್ಟೊತ್ತು ಆಗುತ್ತೆ?"

"ಗೊತ್ತಿಲ್ಲ ಸಾರ್" ಎಂದೆ. ಅದು ನಿಜ. ಹೇಳಬಾರದ ಜಾಗದಲ್ಲಿ ಹೇಳಿದ ನಿಜ.

"ಕೆಲಸ ಕೊಡೋಕೆ ಬಂದೋರನ್ನೇ ಹಿಂಗೆ ಗದರಿಸ್ತೀರಿ, ಮಕ್ಕಳ ಗತಿ ಏನಮ್ಮ?" ಎಂದು ಅವರು ನಕ್ಕರು. ಜೊತೆಗೆ ಪ್ರಿನ್ಸಿಪಾಲರೂ ನಕ್ಕರು.

"ಮಕ್ಕಳು ಮಧ್ಯದಲ್ಲಿ ಎದ್ದು ಹೋಗಲ್ಲ ಸಾರ್."

ಅಧ್ಯಕ್ಷರ ನಗು ಅಲ್ಲಿಗೆ ಮುಗಿಯಿತು. ಅವರು ಹೊರಟರು, ಪ್ರಿನ್ಸಿಪಾಲರು ಹಿಂದೆಯೇ ಹೊರಟರು. ವಿಷಯ ತಜ್ಞರು ಪರದೆಯನ್ನೂ ಬಾಗಿಲನ್ನೂ ನೋಡುತ್ತ ಒಂದು ಕ್ಷಣ ನಿಂತರು. ಅವರನ್ನು ಕರೆತಂದಿದ್ದು ಅಧ್ಯಕ್ಷರ ಕಾರು, ವಾಪಸು ಬಿಡಬೇಕಾದದ್ದೂ ಅದೇ. "ವೆರಿ ಗುಡ್ ಮ್ಯಾಡಂ" ಎಂದು ಮೆಲ್ಲಗೆ ಹೇಳಿ ಅವರೂ ಹೋದರು.

ನಾನು ಸೂಜಿ ಹಿಡಿದುಕೊಂಡು ನಿಂತೇ ಇದ್ದೆ. ಮಕ್ಕಳು ಯಾರೂ ಏಳಲಿಲ್ಲ. ಹೊರಗೆ ಕಾರು ಹೊರಟ ಸದ್ದು ಕೇಳಿಸಿತು. ಆಮೇಲೆ ಒಂದು ಹುಡುಗಿ, "ಮ್ಯಾಮ್, ಎಡಗಡೆ ನೋಡಿ" ಎಂದಳು. ಎಡ ಅಂಚಿನಲ್ಲಿ ಒಂದು ಕಣ ಹಿಂದುಮುಂದು ಮಾಡುತ್ತಿತ್ತು. ಪಕ್ಕದ್ದು ಅಲುಗಿತು. ನೋಡುತ್ತಿದ್ದ ಹಾಗೆ ಸಾಲು ಸಾಲೇ ಹೊರಟಿತು. ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ಅಷ್ಟು ಸಂತೋಷವಾದದ್ದು ಬಹಳ ವರ್ಷಗಳಲ್ಲಿ ಇಲ್ಲ. ಹುದ್ದೆ ಸಿಕ್ಕೇ ಸಿಗುತ್ತದೆ ಎಂದು ಆ ಗಳಿಗೆಯಲ್ಲಿ ನಂಬಿದೆ. ತಜ್ಞರು ವೆರಿ ಗುಡ್ ಎಂದಿದ್ದಾರೆ, ಮಕ್ಕಳು ನೋಡಿದ್ದಾರೆ, ಇನ್ನೇನು ಬೇಕು ಎಂದುಕೊಂಡೆ. ನನ್ನ ವಯಸ್ಸಿಗೆ ಸಲ್ಲದ ನಂಬಿಕೆ.

ಮುಂದಿನ ವಾರ ಪ್ರಿನ್ಸಿಪಾಲರು ಕರೆಸಿ, ತರೀಕೆರೆಯ ಹುಡುಗನನ್ನು ಆರಿಸಿದ್ದಾರೆ ಎಂದು ಹೇಳಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ಕಾರಣ ಕೇಳಿದೆ. ಅವರು ಪೇಪರ್‌ವೇಟನ್ನು ಅತ್ತಿತ್ತ ತಿರುಗಿಸುತ್ತ, "ವಿಷಯ ಜ್ಞಾನಕ್ಕೆ ಇಬ್ಬರಿಗೂ ಒಂದೇ ಕೊಟ್ಟಿದಾರೆ. ನಿಮ್ಮದ್ರಲ್ಲಿ ಒಂದು ಅಭಿಪ್ರಾಯ ಇದೆ, ತಾಳ್ಮೆ ಕಡಿಮೆ ಅಂತ. ತಪ್ಪು ತಿಳ್ಕೋಬೇಡಿ ಮೇಡಂ, ಮುಂದಿನ ವರ್ಷನೂ ಅತಿಥಿಯಾಗಿ ನೀವೇ ಬನ್ನಿ" ಎಂದರು. ನಾನು ಎದ್ದು ಬಂದೆ. ಅಷ್ಟು ಬಾಯಿ ಇರುವವಳಿಗೆ ಆಗ ಒಂದು ಮಾತೂ ಹೊರಡಲಿಲ್ಲ.

ಮನೆಗೆ ಬಂದಾಗ ಅತ್ತೆ ಪಡಸಾಲೆಯಲ್ಲಿ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತಿದ್ದರು. ನನ್ನ ಮುಖ ನೋಡಿ ಕೈ ನಿಲ್ಲಿಸಿದರು.

"ನನ್ನಿಂದ ಹೋಯ್ತಾ?" ಎಂದರು.

ಈ ಪ್ರಶ್ನೆಯನ್ನು ಒಂದು ವಾರದಿಂದ ನುಂಗಿಕೊಂಡು ಓಡಾಡಿದ್ದರೆಂದು ನನಗೆ ಆಗ ಗೊತ್ತಾಯಿತು. ಊಟ ಬಡಿಸುವಾಗ, ಹಾಲು ಕಾಯಿಸುವಾಗ, ನನ್ನ ಎದುರು ಬಂದಾಗಲೆಲ್ಲ ಅದನ್ನು ನುಂಗಿಕೊಂಡಿದ್ದರು.

"ಇಲ್ಲ ಅತ್ತೆ. ನೀವು ಕಿತ್ತ ಗಿಡ ಚೆನ್ನಾಗೇ ಹರೀತು. ನಿಲ್ತು, ಮತ್ತೆ ಹೊರಡ್ತು. ನಂಗೆ ತಾಳ್ಮೆ ಇಲ್ಲ ಅಂತ ಬರ್ದಿದಾರೆ."

ಅವರು ಒಂದು ಅವರೆಕಾಯಿ ಬಿಡಿಸಿ ಕಾಳು ಮೊರಕ್ಕೆ ಹಾಕಿದರು.

"ಅದು ಮತ್ತೆ ಹೊರಡೋ ತಂಕ ಕಾದೋರು ಯಾರು?"

"ನಾನು. ಮಕ್ಕಳು."

"ಎದ್ದು ಹೋದೋರು?"

"ಅವರೇ."

"ತಾಳ್ಮೆ ಇಲ್ಲದ್ದು?"

"ನಂಗೆ."

ಅತ್ತೆಗೆ ನಗು ತಡೆಯಲಾಗಲಿಲ್ಲ. ನನಗೂ ಬಂತು. ಇಬ್ಬರೂ ಮೊರದ ಆಚೆ ಈಚೆ ಕೂತು ನಕ್ಕೆವು. ನಗುತ್ತಿದ್ದ ಹಾಗೆಯೇ ನನಗೆ ಅಳು ಬಂದುಬಿಟ್ಟಿತು, ಇಷ್ಟು ವರ್ಷದ್ದೆಲ್ಲ ಸೇರಿ ಬಂತು. ಅವರು ಸಮಾಧಾನದ ಮಾತು ಆಡಲಿಲ್ಲ, ಸಾಕು ಸುಮ್ಮನಿರು ಎನ್ನಲಿಲ್ಲ. ಮೊರ ಪಕ್ಕಕ್ಕೆ ಸರಿಸಿ ಹತ್ತಿರ ಬಂದು ಕೂತರು. ಒಲೆಯ ಮೇಲೆ ಇಟ್ಟಿದ್ದ ಹಾಲು ಉಕ್ಕಿ ವಾಸನೆ ಬಂದರೂ ಏಳಲಿಲ್ಲ. ನಾನಾಗಿಯೇ ಕಣ್ಣೊರೆಸಿಕೊಂಡು ಏಳುವ ತನಕ ಅಲ್ಲೇ ಕೂತಿದ್ದರು.